ಬಿಳಿಗಿರಿಯ ಪೋಡಿನಿಂದ ಲೋಕನಾಯಕ ಭವನದವರೆಗೆ

ಯಳಂದೂರಿನ ಬಸ್ ನಿಲ್ದಾಣದಲ್ಲಿ ಬೆಟ್ಟದ ಬಸ್ಸಿಗೆ ಕಾಯುವವರಲ್ಲಿ ಎರಡು ಬಗೆಯ ಜನರನ್ನು ಕಾಣಬಹುದು. ಕೈಯಲ್ಲಿ ಹಣ್ಣುಕಾಯಿಯ ಚೀಲ, ಕೊರಳಲ್ಲಿ ಕ್ಯಾಮೆರಾ ಇರುವವರು ಬೆಟ್ಟಕ್ಕೆ ಹೋಗುವವರು. ಅಕ್ಕಿ, ಎಣ್ಣೆ, ಸೀಮೆಗೊಬ್ಬರದ ಖಾಲಿ ಚೀಲದಲ್ಲಿ ಸಂತೆಯ ಸಾಮಾನು ಕಟ್ಟಿಕೊಂಡು ಕೂತವರು ಬೆಟ್ಟಕ್ಕೆ ಮರಳುವವರು. ಈ ಎರಡನೆಯವರಲ್ಲಿ ಹೆಚ್ಚಿನವರು ಸೋಲಿಗರು. ಊರಿನ ಗೌರೀಶ್ವರ ದೇವಾಲಯದ ಬಳೆ ಮಂಟಪವನ್ನು, ಅದರ ಮೂಲೆಗಳಲ್ಲಿ ತೂಗುವ ಕಲ್ಲಿನ ಬಳೆಗಳನ್ನು ನೋಡಿ ಮುಂದೆ ಸಾಗುವ ಪ್ರವಾಸಿಗರು ಈ ಸಹಪ್ರಯಾಣಿಕರನ್ನು ಗಮನಿಸುವುದು ಕಡಿಮೆ. ಆದರೆ ಬಿಳಿಗಿರಿರಂಗನ ಬೆಟ್ಟದ ಕಥೆ ಇವರನ್ನು ಬಿಟ್ಟರೆ ಅರ್ಧವೂ ಆಗುವುದಿಲ್ಲ.

ಯಳಂದೂರಿನಿಂದ ಬೆಟ್ಟಕ್ಕೆ ಸುಮಾರು 24 ಕಿಲೋಮೀಟರ್. ಬಯಲಿನ ಗದ್ದೆ ತೋಟಗಳು ಮುಗಿದು ಅರಣ್ಯ ಇಲಾಖೆಯ ತನಿಖಾ ಠಾಣೆ ದಾಟಿದೊಡನೆ ಹವೆಯೇ ಬೇರೆ. ಮೊದಲು ಮುಳ್ಳುಗಂಟಿಯ ಕುರುಚಲು, ಆಮೇಲೆ ಬಿದಿರು ಮೆಳೆ, ಮತ್ತಿ, ದಿಂಡಲು, ಹೊನ್ನೆಯ ಎಲೆಯುದುರುವ ಕಾಡು, ಇನ್ನೂ ಮೇಲೆ ಹುಲ್ಲುಗುಡ್ಡಗಳ ಮಡಿಲಲ್ಲಿ ಅಡಗಿದ ದಟ್ಟ ಶೋಲಾ. ಪಶ್ಚಿಮ ಘಟ್ಟವೂ ಪೂರ್ವ ಘಟ್ಟವೂ ಕೈ ಹಿಡಿಯುವ ಜಾಗ ಇದು. ಈ ಸಾಲಿನ ಅತಿ ಎತ್ತರದ ಕತ್ತರಿ ಬೆಟ್ಟ ಸಮುದ್ರಮಟ್ಟಕ್ಕಿಂತ ಸುಮಾರು 1,800 ಮೀಟರ್ ಮೇಲಿದೆ. ಬಿಳಿಯ ಬಂಡೆಯ ಅಂಚಿನಲ್ಲಿ ರಂಗನಾಥನ ಗುಡಿ. ಬಂಡೆ ಬಿಳಿಯಾದ್ದರಿಂದ ಬಿಳಿಗಿರಿ ಎನ್ನುವವರಿದ್ದಾರೆ; ವರ್ಷದ ಬಹುಪಾಲು ಬೆಟ್ಟವನ್ನು ಹೊದೆಯುವ ಮಂಜಿನಿಂದ ಆ ಹೆಸರು ಎನ್ನುವವರೂ ಇದ್ದಾರೆ.

ಭಾವನ ಮನೆ

ಗುಡಿಯ ರಂಗನಾಥ ಊರಿನವರಿಗೆ ದೇವರು. ಸೋಲಿಗರಿಗೆ ದೇವರಷ್ಟೇ ಅಲ್ಲ, ನೆಂಟ. ಸ್ವಾಮಿ ಬೇಟೆಗೆಂದು ಕಾಡಿಗೆ ಬಂದು ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನಂತೆ. ಹಾಗಾಗಿ ರಂಗಪ್ಪ ಅವರಿಗೆ ಭಾವ. ಸಂಕ್ರಾಂತಿಯ ಆಸುಪಾಸಿನ ಚಿಕ್ಕ ಜಾತ್ರೆಗೂ ಬೇಸಿಗೆಯ ದೊಡ್ಡ ಜಾತ್ರೆಗೂ ಪೋಡುಗಳಿಂದ ಜನ ಬರುವುದು ಭಾವನ ಮನೆಗೆ ಬಂದಂತೆ. ಭಾವನಾದ್ದರಿಂದ ಸಲಿಗೆಯೂ ಉಂಟು, ಹಕ್ಕಿನ ಮಾತೂ ಉಂಟು.

ಪೋಡು ಎಂದರೆ ಸೋಲಿಗರ ಹಟ್ಟಿ. ಯರಕನಗದ್ದೆ, ಪುರಾಣಿ ಪೋಡು, ಬಂಗ್ಲೆ ಪೋಡು, ಗೊಂಬೆಗಲ್ಲು, ಕೆರೆದಿಂಬ ಹೀಗೆ ಒಂದೊಂದು ಹೆಸರಿನಲ್ಲೂ ಒಂದು ಗದ್ದೆ, ಕಲ್ಲು, ಕೆರೆಯ ಗುರುತು ಉಳಿದಿದೆ. ಹಿಂದೆ ಸೋಲಿಗರು ಒಂದೆರಡು ವರ್ಷ ಒಂದು ಕಡೆ ರಾಗಿ, ಜೋಳ, ಅವರೆ ಬೆಳೆದು, ನೆಲಕ್ಕೆ ದಣಿವಾರಿಸಿಕೊಳ್ಳಲು ಬಿಟ್ಟು ಬೇರೆಡೆಗೆ ಸರಿಯುತ್ತಿದ್ದರು. ಬೇಸಾಯದ ಜೊತೆಗೆ ನೆಲ್ಲಿಕಾಯಿ, ಅಂಟುವಾಳ, ಸೀಗೆ, ಪಾಸಿ, ಹೆಜ್ಜೇನು. ಜೇನು ಕೀಳುವಾಗ ಇಡೀ ತಟ್ಟಿಯನ್ನು ದೋಚದೆ ಒಂದು ಪಾಲು ಬಿಡುವುದು, ನೆಲ್ಲಿಯ ಕೊಂಬೆ ಮುರಿಯದೆ ಕಾಯಿ ಉದುರಿಸುವುದು ಹಿರಿಯರಿಂದ ಬಂದ ಕಟ್ಟುಪಾಡು.

ಕಾಡಿನೊಳಗೆ ಭಾರ್ಗವಿ ಹೊಳೆಯ ದಂಡೆಯಲ್ಲಿ ದೊಡ್ಡಸಂಪಿಗೆ ಇದೆ. ಹತ್ತಾರು ಜನ ಕೈ ಕೈ ಹಿಡಿದರೂ ತಬ್ಬಲಾಗದಷ್ಟು ಬುಡ ಹರಡಿಕೊಂಡ ಈ ಸಂಪಿಗೆಯ ವಯಸ್ಸು ಆರುನೂರು ವರ್ಷಕ್ಕೂ ಹೆಚ್ಚು ಎನ್ನುತ್ತಾರೆ. ಬುಡದಲ್ಲಿ ಸಾಲುಗಟ್ಟಿದ ಗುಂಡುಕಲ್ಲುಗಳೇ ಲಿಂಗಗಳು. ಗೋಡೆಯಿಲ್ಲ, ಗೋಪುರವಿಲ್ಲ, ಹುಂಡಿಯಿಲ್ಲ. ಸೋಲಿಗರಿಗೆ ಕಾಡೆಲ್ಲ ಹೀಗೆ ಒಬ್ಬೊಬ್ಬ ದೇವರ ಎಲ್ಲೆ. ಈ ಕುಲದವರ ಎಲ್ಲೆ ಇಲ್ಲಿಂದ ಆ ಹಳ್ಳದವರೆಗೆ, ಆ ಕುಲದವರದು ಅಲ್ಲಿಂದಾಚೆ ಎಂದು ಹಿರಿಯರು ಕಾಗದವಿಲ್ಲದೆ ಹೇಳಬಲ್ಲರು. ಹೊಸ ರಾಗಿ ಮನೆಗೆ ಬಂದಾಗ ರೊಟ್ಟಿ ಹಬ್ಬ. ಆ ರಾತ್ರಿ ಗೊರುಕನ ಹಾಡಿಗೆ ಹೆಜ್ಜೆ ಹಾಕುವವರಲ್ಲಿ ಶಾಲೆಯ ಮಕ್ಕಳೂ ಇರುತ್ತಾರೆ.

ಕಾಗದ ಬಂದ ಮೇಲೆ

ಕಾಗದವಿಲ್ಲದೆ ನಡೆಯುತ್ತಿದ್ದ ಈ ಲೋಕಕ್ಕೆ ಕಾಗದ ಬಂದದ್ದು ಸರ್ಕಾರದಿಂದ. 1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಬೇಟೆ ನಿಂತಿತು, ಅದು ಆಗಬೇಕಾದದ್ದೇ. ಅದರೊಂದಿಗೆ ಜಾಗ ಬದಲಿಸುವ ಬೇಸಾಯವೂ ನಿಂತು, ಒಳಗಾಡಿನ ಅನೇಕ ಕುಟುಂಬಗಳು ರಸ್ತೆಯ ಬದಿಯ ಪೋಡುಗಳಿಗೆ ಬಂದು ನೆಲೆಸಿದವು. ನೆಲ್ಲಿಕಾಯಿ, ಜೇನು ಸಂಗ್ರಹ ಮಾತ್ರ ಆದಿವಾಸಿಗಳ ಸಹಕಾರ ಸಂಘಗಳಾದ ಲ್ಯಾಂಪ್ಸ್ ಮೂಲಕ ನಡೆಯುತ್ತಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಪರಿಣಾಮವಾಗಿ 2006ರ ಹೊತ್ತಿಗೆ ಮಾರಾಟಕ್ಕಾಗಿ ಕಾಡುತ್ಪತ್ತಿ ತರುವುದಕ್ಕೂ ಇಲ್ಲಿ ತಡೆ ಬಿತ್ತು. ವರ್ಷದ ಆದಾಯದಲ್ಲಿ ದೊಡ್ಡ ಪಾಲು ಕಾಡಿನಿಂದಲೇ ಬರುತ್ತಿದ್ದ ಮನೆಗಳ ಗಂಡಸರು ಕೂಲಿ ಹುಡುಕಿ ಬಯಲಿಗೂ ಕಾಫಿ ತೋಟಗಳಿಗೂ ಇಳಿದರು.

ಇಲ್ಲಿ ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬೇಸಿಗೆಯ ಮೊದಲಿಗೆ ನೆಲದ ತರಗಿಗೆ ಸಣ್ಣ ಬೆಂಕಿ ಕೊಡುವ ರೂಢಿ ಸೋಲಿಗರಲ್ಲಿತ್ತು. ಎಲ್ಲ ಬೆಂಕಿಯನ್ನೂ ನಿಷೇಧಿಸಿದ ನಂತರ ಲಂಟಾನದ ಮೆಳೆ ಕಾಡನ್ನು ಮುಚ್ಚಿತು, ನೆಲ್ಲಿಯ ಮರಗಳಿಗೆ ಬಂದಳಿಕೆ ಹೆಚ್ಚಿತು ಎನ್ನುವುದು ಸೋಲಿಗ ಹಿರಿಯರ ಮಾತು. ಬೆಟ್ಟದಲ್ಲಿ ಬಹುಕಾಲ ಅಧ್ಯಯನ ನಡೆಸಿದ ಪರಿಸರ ವಿಜ್ಞಾನಿಗಳು ಈ ಮಾತನ್ನು ಹಗುರವಾಗಿ ತೆಗೆದುಕೊಂಡಿಲ್ಲ. ಕಾಡನ್ನು ಕಾಯುವುದೆಂದರೆ ಜನರನ್ನು ಹೊರಗಿಡುವುದು ಎಂಬ ಸುಲಭ ಲೆಕ್ಕ ಇಲ್ಲಿ ತಾಳೆಯಾಗುವುದಿಲ್ಲ.

2006ರ ಡಿಸೆಂಬರಿನಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು. 2008ರ ಆರಂಭದಿಂದ ಅದು ಜಾರಿಯಾಯಿತು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯಭೂಮಿಯಲ್ಲಿ ಉಳುಮೆ ಮಾಡುತ್ತ ಬಂದ ಬುಡಕಟ್ಟು ಕುಟುಂಬಕ್ಕೆ ನಾಲ್ಕು ಹೆಕ್ಟೇರಿಗೆ ಮೀರದಂತೆ ಆ ಭೂಮಿಯ ಹಕ್ಕು. ಇಡೀ ಗ್ರಾಮಕ್ಕೆ ಕಿರು ಅರಣ್ಯ ಉತ್ಪನ್ನ, ಮೇವು, ಮೀನು, ದೇವರ ನೆಲೆಗಳ ಮೇಲೆ ಸಮುದಾಯದ ಹಕ್ಕು. ಅದಕ್ಕಿಂತ ಮಿಗಿಲಾಗಿ ಕಾಡನ್ನು ಕಾಪಾಡಿ ನಿರ್ವಹಿಸುವ ಹಕ್ಕು. ಅರ್ಜಿಯ ಮೊದಲ ತೀರ್ಮಾನ ಗ್ರಾಮಸಭೆಯದು.

ಪೋಡುಗಳಲ್ಲಿ ಅರ್ಜಿಗಳು ಸಿದ್ಧವಾಗುತ್ತಿದ್ದ ಕಾಲದಲ್ಲೇ, 2011ರ ಜನವರಿಯಲ್ಲಿ, ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 575 ಚದರ ಕಿಲೋಮೀಟರ್. ಎಬ್ಬಿಸುತ್ತಾರೋ ಎಂಬ ಅಳುಕು ಪೋಡುಗಳಲ್ಲಿ ಹಬ್ಬಿತು. ಸೋಲಿಗರ ಸಂಘ ಪಟ್ಟು ಬಿಡಲಿಲ್ಲ. ಹಳೆಯ ದಾಖಲೆ, ದೇವರ ನೆಲೆಗಳ ನಕ್ಷೆ, ಹಿರಿಯರ ಹೇಳಿಕೆಗಳನ್ನು ಮುಂದಿಟ್ಟಿತು. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೀಗೆ ಹಕ್ಕು ಪಡೆದವರಲ್ಲಿ ದೇಶಕ್ಕೇ ಸೋಲಿಗರು ಮೊದಲಿಗರು. ಹಕ್ಕುಪತ್ರ ಬಂದ ಮೇಲೆ ಹುಲಿ ಓಡಿಹೋಯಿತೇ? ಇಲ್ಲ. ಮುಂದಿನ ಗಣತಿಯಲ್ಲಿ ಇಲ್ಲಿನ ಹುಲಿಗಳ ಸಂಖ್ಯೆ ಹೆಚ್ಚಿಯೇ ಇತ್ತು. ಹುಲಿಗೂ ಕೈಮುಗಿಯುವ ಜನಕ್ಕೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಆದರೆ ಪತ್ರ ಕೈಗೆ ಬರುವುದು ಬೇರೆ, ಹಕ್ಕು ನಡೆಯುವುದು ಬೇರೆ. ಹಕ್ಕುಪತ್ರವಿದ್ದೂ ಜೇನು ತರಲು ತಡೆಯೊಡ್ಡಿದರೆ, ಅರ್ಜಿ ವರ್ಷಗಟ್ಟಲೆ ಕಪಾಟಿನಲ್ಲಿ ಕೂತರೆ, ವಿದ್ಯಾರ್ಥಿವೇತನ ತಪ್ಪಿದರೆ ಯಾರನ್ನು ಕೇಳಬೇಕು? ತಾಲ್ಲೂಕು ಕಚೇರಿ ಉಂಟು, ಜಿಲ್ಲಾಧಿಕಾರಿಗಳುಂಟು, ನ್ಯಾಯಾಲಯ ಉಂಟು. ಇವುಗಳ ಜೊತೆಗೆ, ಇದಕ್ಕೆಂದೇ ಸಂವಿಧಾನ ರಚಿಸಿದ ಒಂದು ಬಾಗಿಲೂ ಉಂಟು. ಅದು ಇರುವುದು ಮಾತ್ರ ಬಹಳ ದೂರದಲ್ಲಿ.

ಆರನೆಯ ಮಹಡಿ

ಹೊಸದಿಲ್ಲಿಯ ಖಾನ್ ಮಾರ್ಕೆಟ್ ಪುಸ್ತಕದ ಅಂಗಡಿಗಳಿಗೆ, ದುಬಾರಿ ಉಡುಪಿನ ಮಳಿಗೆಗಳಿಗೆ ಹೆಸರಾದ ಜಾಗ. ಅದಕ್ಕೆ ಹೊಂದಿಕೊಂಡೇ ಲೋಕನಾಯಕ ಭವನವೆಂಬ ಸರ್ಕಾರಿ ಕಟ್ಟಡ ನಿಂತಿದೆ. ಜಯಪ್ರಕಾಶ ನಾರಾಯಣರ ಹೆಸರು ಹೊತ್ತ ಈ ಕಟ್ಟಡದಲ್ಲಿ ಪ್ರವಾಸಿಗರು ನೋಡುವಂಥದ್ದೇನೂ ಇಲ್ಲ. ದಿಲ್ಲಿ ದರ್ಶನದ ಬಸ್ಸುಗಳು ಇಲ್ಲಿ ನಿಲ್ಲುವುದಿಲ್ಲ. ಇದರ ಆರನೆಯ ಮಹಡಿಯ ವಿಳಾಸ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗದ್ದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಪರಿಶಿಷ್ಟ ಪಂಗಡಗಳ ಜನ 10 ಕೋಟಿ 43 ಲಕ್ಷ. ಕರ್ನಾಟಕದಲ್ಲಿ 42 ಲಕ್ಷಕ್ಕೂ ಹೆಚ್ಚು. ಅಷ್ಟೂ ಜನರ ರಕ್ಷಣೆಗೆ ಸಂವಿಧಾನ ಕೊಟ್ಟ ಭರವಸೆಗಳು ನಡೆಯುತ್ತಿವೆಯೇ ಎಂದು ನೋಡುವ ಹೊಣೆ ಈ ಮಹಡಿಯದು.

ಆಯೋಗಕ್ಕೆ ಆರು ಪ್ರಾದೇಶಿಕ ಕಚೇರಿಗಳಿವೆ: ಭೋಪಾಲ, ಭುವನೇಶ್ವರ, ಜೈಪುರ, ರಾಯಪುರ, ರಾಂಚಿ, ಶಿಲ್ಲಾಂಗ್. ಭೂಪಟದಲ್ಲಿ ಇವನ್ನು ಗುರುತಿಸಿದರೆ ದಕ್ಷಿಣದ ರಾಜ್ಯಗಳಲ್ಲಿ ಒಂದೂ ಇಲ್ಲ ಎಂಬುದು ಕಣ್ಣಿಗೆ ಬೀಳುತ್ತದೆ. ಬಿಳಿಗಿರಿಯ ಅರ್ಜಿ ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ನಡೆಯಬೇಕು.

ಬೆಳೆದು ಬಂದ ಬಗೆ

ಸಂವಿಧಾನ ರಚನಾ ಸಭೆಯಲ್ಲಿ ಆದಿವಾಸಿಗಳ ಪರವಾಗಿ ಎದ್ದು ನಿಂತ ಗಟ್ಟಿ ದನಿ ಜೈಪಾಲ್ ಸಿಂಗ್ ಮುಂಡಾ ಅವರದು. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ಗೆ ಹೋದ ಭಾರತದ ಹಾಕಿ ತಂಡದ ನಾಯಕರು ಅವರೇ ಎಂಬುದು ಕ್ರೀಡಾಸಕ್ತ ಹುಡುಗರಿಗೆ ತಿಳಿದಿರಬೇಕು. ಸಂವಿಧಾನ ಜಾರಿಗೆ ಬಂದಾಗ 338ನೇ ವಿಧಿಯಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗಾಗಿ ಒಬ್ಬ ವಿಶೇಷ ಅಧಿಕಾರಿಯ ಹುದ್ದೆ ಇತ್ತು. 1950ರ ನವೆಂಬರಿನಲ್ಲಿ ಎಲ್.ಎಂ. ಶ್ರೀಕಾಂತ್ ಮೊದಲ ಆಯುಕ್ತರಾದರು. ಇಷ್ಟು ದೊಡ್ಡ ದೇಶಕ್ಕೆ ಒಬ್ಬ ಅಧಿಕಾರಿ ಸಾಲದೆಂಬ ಕೂಗು ಬೆಳೆದು, 1978ರಲ್ಲಿ ಭೋಲಾ ಪಾಸ್ವಾನ್ ಶಾಸ್ತ್ರಿಯವರ ಅಧ್ಯಕ್ಷತೆಯಲ್ಲಿ ಹಲವು ಸದಸ್ಯರ ಆಯೋಗ ನೇಮಕವಾಯಿತು. ಅದಕ್ಕೆ ಸಂವಿಧಾನದ ಬಲವಿರಲಿಲ್ಲ.

ಆ ಬಲ ಬಂದದ್ದು 1990ರ 65ನೇ ತಿದ್ದುಪಡಿಯಿಂದ. 1992ರ ಮಾರ್ಚಿನಲ್ಲಿ ಜಾತಿ ಮತ್ತು ಪಂಗಡ ಎರಡಕ್ಕೂ ಸೇರಿದ ರಾಷ್ಟ್ರೀಯ ಆಯೋಗ ಕೆಲಸ ಆರಂಭಿಸಿತು. ಆದರೆ ಊರಿನ ಕೇರಿಯಲ್ಲಿ ಅಸ್ಪೃಶ್ಯತೆ ಅನುಭವಿಸಿದವರ ನೋವು ಒಂದು ಬಗೆಯದಾದರೆ, ಕಾಡು ಮತ್ತು ಭೂಮಿ ಕಳೆದುಕೊಂಡವರದು ಇನ್ನೊಂದು ಬಗೆ. ಮದ್ದು ಒಂದೇ ಆಗಲಾರದು. ಹೀಗಾಗಿ 2003ರ 89ನೇ ತಿದ್ದುಪಡಿ 338ಎ ಎಂಬ ಹೊಸ ವಿಧಿಯನ್ನು ಸೇರಿಸಿತು. 2004ರ ಫೆಬ್ರುವರಿ 19ರಿಂದ ಪರಿಶಿಷ್ಟ ಪಂಗಡಗಳಿಗೆ ಪ್ರತ್ಯೇಕ ಆಯೋಗ ಅಸ್ತಿತ್ವಕ್ಕೆ ಬಂದಿತು. ಕುನ್ವರ್ ಸಿಂಗ್ ಅದರ ಮೊದಲ ಅಧ್ಯಕ್ಷರು.

ಅಧ್ಯಕ್ಷರು, ಉಪಾಧ್ಯಕ್ಷರು, ಮೂವರು ಸದಸ್ಯರು ಹೀಗೆ ಐವರ ಆಯೋಗ ಇದು. ನೇಮಕ ಮಾಡುವವರು ರಾಷ್ಟ್ರಪತಿಗಳು; ಅವಧಿ ಮೂರು ವರ್ಷ. ಸದಸ್ಯರಲ್ಲಿ ಕನಿಷ್ಠ ಒಬ್ಬರು ಮಹಿಳೆಯಾಗಿರಬೇಕು. ಅಧ್ಯಕ್ಷರಿಗೆ ಕೇಂದ್ರ ಸಂಪುಟ ದರ್ಜೆಯ ಸಚಿವರ ಸ್ಥಾನಮಾನ. 2005ರ ಆಗಸ್ಟಿನಲ್ಲಿ ಆಯೋಗಕ್ಕೆ ಇನ್ನಷ್ಟು ಹೊಣೆಗಳನ್ನು ವಹಿಸಲಾಯಿತು. ಕಿರು ಅರಣ್ಯ ಉತ್ಪನ್ನಗಳ ಒಡೆತನ, ಭೂಮಿ ಪರಭಾರೆಯಾಗದಂತೆ ತಡೆ, ಯೋಜನೆಗಳಿಂದ ನಿರಾಶ್ರಿತರಾದವರ ಪುನರ್ವಸತಿ, ಕಾಡು ಬೆಳೆಸುವ ಕೆಲಸದಲ್ಲಿ ಬುಡಕಟ್ಟು ಜನರ ಪಾಲುಗಾರಿಕೆ ಇವೆಲ್ಲ ಅದರಲ್ಲಿ ಸೇರಿವೆ. ಬಿಳಿಗಿರಿಯ ಪೋಡುಗಳ ಕಷ್ಟಸುಖದ ಪಟ್ಟಿಯೂ ಹೆಚ್ಚುಕಡಿಮೆ ಇದೇ.

ಮಾತಿಗೆ ಎಷ್ಟು ತೂಕ?

ದೂರು ವಿಚಾರಿಸುವಾಗ ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ. ದೇಶದ ಯಾವ ಮೂಲೆಯಿಂದಲೂ ಅಧಿಕಾರಿಯನ್ನು ಸಮನ್ಸ್ ಕೊಟ್ಟು ಕರೆಸಬಹುದು, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯಬಹುದು, ಕಡತ ತರಿಸಿಕೊಳ್ಳಬಹುದು. ತಾಲ್ಲೂಕು ಕಚೇರಿಯ ಕಪಾಟಿನಲ್ಲಿ ಮಲಗಿದ ಅರ್ಜಿ ಅನೇಕ ಸಲ ದಿಲ್ಲಿಯಿಂದ ಬಂದ ಒಂದು ನೋಟಿಸಿಗೇ ಎಚ್ಚರಗೊಳ್ಳುತ್ತದೆ. ಬುಡಕಟ್ಟು ಜನರಿಗೆ ಸಂಬಂಧಿಸಿದ ಮುಖ್ಯ ನೀತಿಗಳ ವಿಷಯದಲ್ಲಿ ಕೇಂದ್ರವೂ ಪ್ರತಿಯೊಂದು ರಾಜ್ಯವೂ ಆಯೋಗವನ್ನು ಕೇಳಲೇಬೇಕೆಂದು 338ಎ ವಿಧಿಯ ಒಂಬತ್ತನೆಯ ಖಂಡ ಹೇಳುತ್ತದೆ.

ಆದರೂ ಇದು ನ್ಯಾಯಾಲಯವಲ್ಲ. ಹಳೆಯ ಜಂಟಿ ಆಯೋಗದ ಕಾಲದಲ್ಲೇ, 1996ರಲ್ಲಿ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗೆರೆ ಎಳೆಯಿತು. ಆಯೋಗಕ್ಕಿರುವುದು ವಿಚಾರಣೆ ನಡೆಸುವಷ್ಟರ ಮಟ್ಟಿನ ಸಿವಿಲ್ ಅಧಿಕಾರ, ತಡೆಯಾಜ್ಞೆ ಕೊಡುವ ಅಧಿಕಾರವಲ್ಲ ಎಂಬುದು ತೀರ್ಪಿನ ಸಾರ. ಆಯೋಗ ಶಿಫಾರಸು ಮಾಡಬಹುದು, ಪಾಲಿಸಬೇಕಾದವರು ಸರ್ಕಾರದವರು. ವಾರ್ಷಿಕ ವರದಿ ರಾಷ್ಟ್ರಪತಿಗೆ ಹೋಗಿ, ಅಲ್ಲಿಂದ ಸಂಸತ್ತಿನ ಮುಂದೆ ಬರಬೇಕು. ಯಾವ ಶಿಫಾರಸಿನ ಮೇಲೆ ಏನು ಕ್ರಮ ಆಯಿತು, ಯಾವುದನ್ನು ಏಕೆ ಒಪ್ಪಲಿಲ್ಲ ಎಂಬ ವಿವರಣೆಯನ್ನೂ ಸರ್ಕಾರ ಲಗತ್ತಿಸಬೇಕು. ಆಯೋಗದ ನಿಜವಾದ ಹಲ್ಲು ಇದೇ. ಆದರೆ ಈ ಹಲ್ಲು ಸಡಿಲವಾದದ್ದೂ ಉಂಟು. ನಾಲ್ಕು ವರ್ಷಗಳಿಂದ ಆಯೋಗದ ಒಂದು ವರದಿಯೂ ಸಂಸತ್ತಿಗೆ ಬಂದಿಲ್ಲವೆಂದು 2022ರಲ್ಲಿ ಸಂಸದೀಯ ಸ್ಥಾಯಿ ಸಮಿತಿಯೇ ಅಸಮಾಧಾನ ಸೂಚಿಸಿತ್ತು. 2023ರ ಜೂನ್‌ನಲ್ಲಿ ಅಧ್ಯಕ್ಷ ಹರ್ಷ ಚೌಹಾಣ್ ರಾಜೀನಾಮೆ ಕೊಟ್ಟ ನಂತರ 2024ರ ಮಾರ್ಚಿನವರೆಗೆ ಅಧ್ಯಕ್ಷರ ಕುರ್ಚಿ ಖಾಲಿ ಇತ್ತು.

ಹಾಗೆಂದು ಆಯೋಗ ಸುಮ್ಮನೆ ಕೂತಿತ್ತೆಂದೂ ಅಲ್ಲ. ಗೋದಾವರಿಯ ಪೋಲವರಂ ಅಣೆಕಟ್ಟಿನಿಂದ ಮನೆಮಠ ಕಳೆದುಕೊಳ್ಳುವ ಬುಡಕಟ್ಟು ಜನರ ಬಗ್ಗೆ 2018ರಲ್ಲಿ ವಿಶೇಷ ವರದಿ ಕೊಟ್ಟಿತು. 2022ರ ಹೊಸ ಅರಣ್ಯ ಸಂರಕ್ಷಣಾ ನಿಯಮಗಳು ಗ್ರಾಮಸಭೆಯ ಒಪ್ಪಿಗೆಯನ್ನು ಹಿಂದಕ್ಕೆ ತಳ್ಳುತ್ತವೆಂದು ಹೇಳಿ, ಅವನ್ನು ತಡೆಹಿಡಿಯುವಂತೆ ಪರಿಸರ ಸಚಿವಾಲಯಕ್ಕೆ ಪತ್ರ ಬರೆಯಿತು. ಸಚಿವಾಲಯ ಆ ಆಕ್ಷೇಪವನ್ನು ಒಪ್ಪಲಿಲ್ಲ. 2024ರ ಜೂನ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ರಾಜ್ಯಗಳಿಗೆ ಪತ್ರ ಬರೆದು, ಹುಲಿ ಸಂರಕ್ಷಿತ ಪ್ರದೇಶಗಳ ಹೃದಯಭಾಗದಲ್ಲಿ ಇನ್ನೂ ಉಳಿದಿರುವ 591 ಹಳ್ಳಿಗಳ 64,801 ಕುಟುಂಬಗಳ ಸ್ಥಳಾಂತರಕ್ಕೆ ಕಾಲಮಿತಿ ಹಾಕಿಕೊಳ್ಳುವಂತೆ ಸೂಚಿಸಿತು. ಹಕ್ಕುಗಳನ್ನು ಗುರುತಿಸಿ ಮುಗಿಸದೆ, ಜನರು ಮನಸಾರೆ ಒಪ್ಪದೆ ಯಾರನ್ನೂ ಎಬ್ಬಿಸುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಈ ವಿಷಯವನ್ನೂ ಆಯೋಗ ಕೈಗೆತ್ತಿಕೊಂಡು ಪ್ರಾಧಿಕಾರದಿಂದ ವರದಿ ಕೇಳಿತು. ದಿಲ್ಲಿಯ ಪತ್ರಗಳೆಂದು ಇವನ್ನು ತಳ್ಳಿಹಾಕುವಂತಿಲ್ಲ. ಅವುಗಳಲ್ಲಿ ಪ್ರಸ್ತಾಪವಾಗುವ ಬಗೆಯ ಹಳ್ಳಿಗಳಲ್ಲೇ ಬಿಳಿಗಿರಿಯಂಥ ಕಾಡುಗಳ ಮಕ್ಕಳು ಮೂರನೆಯ ತರಗತಿಯ ಮಗ್ಗಿ ಬಾಯಿಪಾಠ ಮಾಡುತ್ತಿರುತ್ತಾರೆ.

ಒಂದು ಹೆಸರಿನ ಬೆಲೆ

ಯಾರು ಪರಿಶಿಷ್ಟ ಪಂಗಡ ಎಂಬ ಪ್ರಶ್ನೆಯಲ್ಲೂ ಆರನೆಯ ಮಹಡಿಗೆ ಪಾತ್ರವಿದೆ. ಪಟ್ಟಿಯನ್ನು 342ನೇ ವಿಧಿಯಂತೆ ರಾಷ್ಟ್ರಪತಿಗಳು ಪ್ರಕಟಿಸುತ್ತಾರೆ. ಅದನ್ನು ತಿದ್ದುವ ಅಧಿಕಾರ ಸಂಸತ್ತಿಗೆ ಮಾತ್ರ. 1999ರಲ್ಲಿ ರೂಪಿಸಿ 2002ರಲ್ಲಿ ಪರಿಷ್ಕರಿಸಿದ ಕ್ರಮದಂತೆ ರಾಜ್ಯ ಸರ್ಕಾರದ ಶಿಫಾರಸು ಮೊದಲು ಭಾರತದ ರಿಜಿಸ್ಟ್ರಾರ್ ಜನರಲ್ ಅವರ ಬಳಿಗೆ, ಅವರು ಒಪ್ಪಿದರೆ ಆಯೋಗಕ್ಕೆ, ಆಯೋಗವೂ ಒಪ್ಪಿದರೆ ಕೇಂದ್ರ ಸಂಪುಟಕ್ಕೆ, ಕೊನೆಗೆ ಸಂಸತ್ತಿಗೆ ಹೋಗುತ್ತದೆ.

ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಬೆಟ್ಟ ಕುರುಬರು ಇದಕ್ಕೆ ಹತ್ತಿರದ ಉದಾಹರಣೆ. ಪಟ್ಟಿಯಲ್ಲಿ ಇದ್ದದ್ದು ಕಾಡು ಕುರುಬ ಎಂಬ ಹೆಸರು. ಬೆಟ್ಟ ಕುರುಬ ಎಂದು ಕರೆಸಿಕೊಳ್ಳುವವರಿಗೆ ಆ ಹೆಸರಿನಲ್ಲಿ ಪ್ರಮಾಣಪತ್ರ ಸಿಗುತ್ತಿರಲಿಲ್ಲ. ಪ್ರಮಾಣಪತ್ರವಿಲ್ಲದೆ ವಸತಿನಿಲಯವಿಲ್ಲ, ವಿದ್ಯಾರ್ಥಿವೇತನವಿಲ್ಲ, ಸೀಟಿನ ಮೀಸಲಾತಿಯೂ ಇಲ್ಲ. ಬಹುಕಾಲ ಕಾದ ಮೇಲೆ 2022ರ ಡಿಸೆಂಬರಿನಲ್ಲಿ ಕಾಡು ಕುರುಬ ಎಂಬುದರ ಪರ್ಯಾಯವಾಗಿ ಬೆಟ್ಟ ಕುರುಬ ಎಂಬ ಹೆಸರನ್ನು ಸೇರಿಸುವ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಎರಡು ಪದಗಳಿಗಾಗಿ ಒಂದು ತಲೆಮಾರಿನ ಮಕ್ಕಳ ಶಾಲೆಯ ದಿನಗಳೇ ಕಳೆದುಹೋದವು ಎಂದರೆ, ಪಟ್ಟಿಯ ಒಂದು ಹೆಸರಿಗೆ ಎಷ್ಟು ಬೆಲೆ ಎಂದು ಊಹಿಸಬಹುದು.

ಕರ್ನಾಟಕದ ಮಟ್ಟಿಗೆ ಇನ್ನೊಂದು ಮಾತು. ಮಧ್ಯಪ್ರದೇಶ, ಒಡಿಶಾ, ಜಾರ್ಖಂಡದಂಥ ಹತ್ತು ರಾಜ್ಯಗಳಲ್ಲಿ ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶಗಳಿವೆ. ಅಲ್ಲಿನ ಗ್ರಾಮಸಭೆಗಳಿಗೆ 1996ರ ಪೆಸಾ ಕಾಯ್ದೆಯ ರಕ್ಷಣೆಯೂ ಇದೆ. ಕರ್ನಾಟಕದಲ್ಲಿ ಅಂಥ ಪ್ರದೇಶ ಒಂದೂ ಇಲ್ಲ. ಹೀಗಾಗಿ ಇಲ್ಲಿನ ಸೋಲಿಗರು, ಜೇನು ಕುರುಬರು, ಕೊರಗರು, ಯರವರಿಗೆ ಅರಣ್ಯ ಹಕ್ಕು ಕಾಯ್ದೆಯೂ ಆಯೋಗಗಳೂ ಮತ್ತಷ್ಟು ಮುಖ್ಯ. ರಾಜ್ಯದಲ್ಲಿ 2002ರ ಕಾಯ್ದೆಯಂತೆ ರಚನೆಯಾದ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಆಯೋಗ ಬೆಂಗಳೂರಿನಲ್ಲಿದೆ. ದಿಲ್ಲಿಗೆ ಹೋಲಿಸಿದರೆ ಅದು ಅಂಗಳದಲ್ಲೇ ಇದ್ದಂತೆ.

ಅರ್ಜಿ ಬರೆಯುವ ಕೈ

ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ದೂರುದಾರರ ಹೆಸರು, ವಿಳಾಸ, ಪಂಗಡ ಸ್ಪಷ್ಟವಾಗಿರಬೇಕು, ಬರಹ ಓದುವಂತಿರಬೇಕು, ಯಾವ ಆದೇಶ, ಯಾವ ನಿಯಮ ಮುರಿದಿದೆ ಎಂದು ಹೇಳಿ ದಾಖಲೆಗಳ ಪ್ರತಿ ಲಗತ್ತಿಸಬೇಕು. ನ್ಯಾಯಾಲಯದಲ್ಲಿ ವಿಚಾರಣೆಯಲ್ಲಿರುವ ಅಥವಾ ಈಗಾಗಲೇ ತೀರ್ಪಾದ ವಿಷಯವನ್ನು ಆಯೋಗ ಎತ್ತಿಕೊಳ್ಳುವುದಿಲ್ಲ. ಹೆಸರಿಲ್ಲದ ಪತ್ರಕ್ಕೂ ಬೆಲೆಯಿಲ್ಲ. ಇಷ್ಟು ಸರಳವಾದ ಅರ್ಜಿಗೂ ಬರೆಯುವ ಒಂದು ಕೈ ಬೇಕು.

ಆ ಕೈಯನ್ನು ತಯಾರು ಮಾಡಿದ್ದು ಬೆಟ್ಟದ ಶಾಲೆಗಳು. 1980ರ ಸುಮಾರಿಗೆ ಯುವ ವೈದ್ಯ ಡಾ. ಎಚ್. ಸುದರ್ಶನ್ ಇಲ್ಲಿಗೆ ಬಂದಾಗ ಅವರನ್ನು ಕಂಡು ಸೋಲಿಗರು ದೂರ ಸರಿಯುತ್ತಿದ್ದರಂತೆ. 1981ರಲ್ಲಿ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆಸ್ಪತ್ರೆಯೊಂದಿಗೆ ಶಾಲೆಯನ್ನೂ ಬೆಳೆಸಿತು. ಪರ್ಯಾಯ ನೊಬೆಲ್ ಎಂದೇ ಹೆಸರಾದ ರೈಟ್ ಲೈವ್ಲಿಹುಡ್ ಪ್ರಶಸ್ತಿ 1994ರಲ್ಲಿ ಈ ಕೆಲಸವನ್ನು ಅರಸಿಕೊಂಡು ಬಂತು. ಅಕ್ಷರ ಕಲಿತ ಸೋಲಿಗ ಮಕ್ಕಳಲ್ಲಿ ಶಿಕ್ಷಕರಾದವರು, ದಾದಿಯರಾದವರು, ಡಾಕ್ಟರೇಟ್ ಪಡೆದು ತಮ್ಮ ಜನರ ಬಗ್ಗೆಯೇ ಸಂಶೋಧನೆ ಮಾಡಿದವರೂ ಇದ್ದಾರೆ. 2011ರ ಹಕ್ಕುಪತ್ರದ ಹಿಂದಿನ ನಕ್ಷೆ, ದಾಖಲೆ, ಅರ್ಜಿಗಳಲ್ಲಿ ಈ ಓದಿದವರ ಶ್ರಮ ದೊಡ್ಡದು. ಎಲ್ಲೆಯ ನೆನಪು ಅಜ್ಜಂದಿರದು, ಅದನ್ನು ಕಾಗದಕ್ಕೆ ಇಳಿಸಿದ್ದು ಮೊಮ್ಮಕ್ಕಳು. ಮಕ್ಕಳನ್ನು ಓದಿಸಿದರೆ ಏನು ಬಂತು ಎಂದು ಕೇಳುವ ತಂದೆತಾಯಿಗಳಿಗೆ ಬೆಟ್ಟ ಕೊಡುವ ಉತ್ತರ ಇದು.

ಪ್ರವಾಸಕ್ಕೆಂದು ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವ ಶಾಲೆಗಳು ಗುಡಿ, ಮಂಜು, ಆನೆಗಳ ಜೊತೆಗೆ ಇಷ್ಟನ್ನೂ ತಿಳಿಸಿಕೊಟ್ಟರೆ ಒಳ್ಳೆಯದು. ಸಮಾಜ ಪಾಠದ ಪುಸ್ತಕದಲ್ಲಿ 338ಎ ಎಂಬುದು ಪರೀಕ್ಷೆಗೆ ನೆನಪಿಡಬೇಕಾದ ಒಂದು ಸಂಖ್ಯೆ. ಯರಕನಗದ್ದೆಯಂಥ ಪೋಡಿನಲ್ಲಿ ಅದು ಜೇನಿನ ತಟ್ಟಿ, ರಾಗಿಯ ಹೊಲ, ವಸತಿನಿಲಯದ ಒಂದು ಹಾಸಿಗೆ.

ಹೋಗುವವರಿಗೆ

ಬಿಳಿಗಿರಿರಂಗನ ಬೆಟ್ಟಕ್ಕೆ ಯಳಂದೂರಿನಿಂದಲೂ, ಚಾಮರಾಜನಗರದಿಂದ ಕೆ. ಗುಡಿ ಮಾರ್ಗವಾಗಿಯೂ ಹೋಗಬಹುದು. ದಾರಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಯುವುದರಿಂದ ರಾತ್ರಿ ಸಂಚಾರಕ್ಕೆ ಅವಕಾಶವಿಲ್ಲ. ನಡುವೆ ವಾಹನ ನಿಲ್ಲಿಸಿ ಇಳಿಯುವಂತಿಲ್ಲ. ದೊಡ್ಡಸಂಪಿಗೆ ಕಾಡಿನೊಳಗಿದೆ, ಅಲ್ಲಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮಳೆಗಾಲ ಕಳೆದು ಚಳಿ ಏರುವ ತಿಂಗಳುಗಳು ಬೆಟ್ಟ ನೋಡಲು ಚೆನ್ನ. ಪೋಡುಗಳು ಪ್ರದರ್ಶನದ ಜಾಗಗಳಲ್ಲ, ಜನರ ಮನೆಗಳು. ಕೇಳದೆ ಒಳಹೊಕ್ಕು ಫೋಟೋ ತೆಗೆಯುವುದು ಯಾರ ಮನೆಯಲ್ಲೂ ಸಲ್ಲದು. ಕೊಳ್ಳುವುದಾದರೆ ಸೋಲಿಗರ ಸಂಘದವರು ಮಾರುವ ಜೇನುತುಪ್ಪ, ನೆಲ್ಲಿ ಉಪ್ಪಿನಕಾಯಿ, ಕಾಫಿಪುಡಿ ಕೊಳ್ಳಿ; ಕೊಟ್ಟ ಹಣ ಪೋಡಿಗೇ ಹೋಗುತ್ತದೆ.